ಒಂದು ಹಿಡಿ ಕೊಸರು

“ಇದು ನನ್ನ ಪಾಲಿನದಲ್ಲ.”

ಹಾಗೆಂದು ಅವನು ಚೀಲದಿಂದ ಒಂದು ಹಿಡಿ ಅವರೆಕಾಯಿ ತೆಗೆದು ಗೌರಮ್ಮನ ಮಂಕರಿಗೆ ತಿರುಗಿ ಹಾಕಿದ.

ಗೌರಮ್ಮ ತಕ್ಕಡಿ ಹಿಡಿದ ಕೈಯನ್ನು ಕೆಳಗಿಳಿಸುವುದನ್ನೇ ಮರೆತಳು. ತೂಕ ಮುಗಿದ ಮೇಲೆ ಮೇಲೊಂದು ಹಿಡಿ ಕೊಸರು ಹಾಕುವುದು ಅವಳಜ್ಜಿಯ ಕಾಲದಿಂದ ಬಂದ ಪದ್ಧತಿ. ಕೊಸರು ಸಾಲದೆಂದು ಜಗಳ ಕಾಯುವ ಗಿರಾಕಿಗಳನ್ನು ಅವಳು ದಿನಾ ನೋಡುತ್ತಿದ್ದಳು. ಬೇಡವೆಂದವನನ್ನು ನೋಡಿದ್ದು ಇದೇ ಮೊದಲು. ಅದೂ ಇಷ್ಟು ಲಕ್ಷಣವಾಗಿರುವವನನ್ನು!

ಅದು ಅರವತ್ನಾಲ್ಕರ ಡಿಸೆಂಬರ್. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಇಟ್ಟಮಡುವಿನ ಹೊಲದಿಂದ ಗೌರಮ್ಮ ಮತ್ತು ಅವಳ ಸೋದರತ್ತೆ ಅಕ್ಕಯಮ್ಮ ಬೆಳಗಾಗುವ ಮುಂಚೆ ಕಿತ್ತ ಕಾಯಿ, ಸೊಪ್ಪು ಹೊತ್ತು ನಡೆದು ಬಂದು, ನಾಲ್ಕನೇ ಬ್ಲಾಕಿನ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು.

ಅವನು ಮರುದಿನವೂ ಬಂದ. ಅದರ ಮರುದಿನವೂ. ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಳೆ ಸೌತೆಕಾಯಿಯನ್ನು ಅಲ್ಲೇ ಕಲ್ಲಿನ ಮೇಲೆ ಕೂತು, ದೇವರ ಪ್ರಸಾದ ತಿನ್ನುವಷ್ಟು ನಿಧಾನವಾಗಿ ತಿನ್ನುತ್ತಿದ್ದ. ಹೆಸರು ಬೈರಣ್ಣ, ತ್ಯಾಗರಾಜನಗರದಲ್ಲಿ ಅಕ್ಕನ ಮನೆಯಲ್ಲಿದ್ದಾನೆ, ತಮ್ಮ ಜನವೇ ಎಂಬಷ್ಟನ್ನು ಅಕ್ಕಯಮ್ಮ ಎರಡೇ ದಿನದಲ್ಲಿ ಅವನ ಬಾಯಿ ಬಿಡಿಸಿ ತಿಳಿದುಕೊಂಡಿದ್ದಳು.

ಕೊಸರನ್ನು ಮಾತ್ರ ಅವನು ದಿನವೂ ವಾಪಸು ಹಾಕುತ್ತಿದ್ದ.

“ಕೊಸರು ಮುಟ್ಟದೋನು ನಮ್ಮ ಸಾವಾಸ ಬ್ಯಾಡ ಅಂತವ್ನೆ ಕಣೆ, ತಿಳ್ಕೋ” ಎಂದಳು ಅಕ್ಕಯಮ್ಮ.

ಬೇಡದವನು ದಿನಾ ಯಾಕೆ ಬರ್ತಾನೆ? ಗೌರಮ್ಮನ ಮನಸ್ಸು ಒಪ್ಪಲಿಲ್ಲ. ಅವನು ಬರುವ ಹೊತ್ತಿಗೆ ಒಳ್ಳೆಯ ಕಾಯಿಯನ್ನೆಲ್ಲ ಅವನಿಗೆಂದು ಮಂಕರಿಯ ತಳಕ್ಕೆ ಸರಿಸಿಟ್ಟು ಕಾಯುತ್ತಿದ್ದಳು. ಮನೆಯಲ್ಲಿ ಬೇರೆಯೇ ಮಾತು ನಡೆದಿತ್ತು. ಉತ್ತರಹಳ್ಳಿಯ ಗಂಡಿನ ಕಡೆಯವರು ಮುಂದಿನ ಸೋಮವಾರ ವೀಳ್ಯಶಾಸ್ತ್ರಕ್ಕೆ ಬರುವವರಿದ್ದರು. ವೀಳ್ಯವಾದರೆ ಮುಗಿಯಿತು, ಅವಳು ಇನ್ನೊಬ್ಬರ ಮನೆಯವಳು. ಅಷ್ಟರೊಳಗೆ ಇವನ ಮನಸ್ಸು ತಿಳಿಯಬೇಕಲ್ಲ...

ಮಂಗಳವಾರ ಅವಳು ಧೈರ್ಯ ಮಾಡಿ, ಅವನು ಅತ್ತ ತಿರುಗಿದಾಗ ಎರಡು ಹಿಡಿ ಕೊಸರನ್ನು ಚೀಲದ ತಳಕ್ಕೆ ತುರುಕಿದಳು.

ಅರ್ಧ ಗಂಟೆಯಲ್ಲಿ ಅವನು ಏದುಸಿರು ಬಿಡುತ್ತ ವಾಪಸು ಬಂದ. ಕೊಳ್ಳಲು ನಿಂತಿದ್ದ ನಾಲ್ಕು ಜನರ ಎದುರಿಗೇ ಆ ಎರಡು ಹಿಡಿ ಕಾಯಿಯನ್ನು ಮಂಕರಿಗೆ ಸುರಿದ. ಯಾರೋ ಕಿಸಕ್ಕೆಂದರು. ಗೌರಮ್ಮನಿಗೆ ಅವಮಾನದಿಂದ ಕಣ್ಣು ತುಂಬಿತು.

“ನಾಳೆಯಿಂದ ಬೇರೆ ಕಡೆ ತಗೊಳ್ಳಿ” ಎಂದಳು.

ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ. ಮತ್ತೆ ಬರಲಿಲ್ಲ.

ಶನಿವಾರ ಬಂದವಳು ಅವನ ಅಕ್ಕ ಅಮ್ಮಣ್ಣಿ. ನಾಲ್ಕು ದಿನದಿಂದ ತಮ್ಮ ಸರಿಯಾಗಿ ಉಂಡಿಲ್ಲ ಎಂದು ಶುರುಮಾಡಿ, ಮರದ ಕೆಳಗೇ ಕೂತು ಎಲ್ಲ ಹೇಳಿದಳು. ಬೈರಣ್ಣ ಮೂರು ವರ್ಷ ಲಡಾಖಿನ ಹಿಮದಲ್ಲಿ ಸಿಪಾಯಿಯಾಗಿದ್ದವನು. ಅಲ್ಲಿ ಹಸುರು ಎಂಬುದೇ ಕಣ್ಣಿಗೆ ಬೀಳದು; ಊಟವೆಂದರೆ ಡಬ್ಬಿಯಲ್ಲಿ ಬಂದದ್ದು, ಅದೂ ಅಳೆದು ಹಂಚಿದ್ದು. ಒಮ್ಮೆ ದಾರಿ ಮುಚ್ಚಿ ಡಬ್ಬಿಗಳೂ ಬರಲಿಲ್ಲ. ಜ್ವರದಲ್ಲಿ ಮಲಗಿದ್ದ ಬೈರಣ್ಣನಿಗೆ ಗೆಳೆಯ ಏಕಾಂತಯ್ಯ, ತನಗೆ ಹಸಿವಿಲ್ಲವೆಂದು ಸುಳ್ಳು ಹೇಳಿ, ತನ್ನ ಪಾಲನ್ನೂ ತಿನ್ನಿಸಿದ. ಬೈರಣ್ಣ ಎದ್ದು ಕೂತ. ಏಕಾಂತಯ್ಯ ಏಳಲಿಲ್ಲ.

ಅಂದಿನಿಂದ ತಟ್ಟೆಗೆ ಒಂದು ತುತ್ತು ಹೆಚ್ಚು ಬಿದ್ದರೂ ಇನ್ಯಾರದೋ ಪಾಲೆಂದು ತೆಗೆದು ವಾಪಸು ಹಾಕುತ್ತಾನೆ.

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಎಂಥ ಮಾತಾಡಿಬಿಟ್ಟೆ... ಆಮೇಲೆ ಮೆಲ್ಲಗೆ, ನಾಳೆ ತಮ್ಮನನ್ನು ಇಟ್ಟಮಡುವಿನ ಹೊಲಕ್ಕೆ ಕಳಿಸಿಕೊಡಿ ಎಂದು ಕೇಳಿಕೊಂಡಳು.

ಭಾನುವಾರ ಬೆಳಗ್ಗೆ ಅವನು ಬದುವಿನ ಮೇಲೆ ನಿಂತು ನೋಡಿದ. ಕಣ್ಣು ಹಾಯುವವರೆಗೂ ಅವರೆ. ಒಂದೇ ಗಿಡದಲ್ಲಿ ಹೂವು, ಎಳೆಕಾಯಿ, ಬಲಿತ ಕಾಯಿ. ಇಬ್ಬನಿಗೆ ನೆನೆದು ಹೊಲವೆಲ್ಲ ಸೊಗಡಿನ ವಾಸನೆ.

“ಒಂದು ಕಿತ್ತರೆ ಪಕ್ಕದಲ್ಲಿ ಇನ್ನೊಂದು ಬಿಡುತ್ತೆ” ಎಂದಳು ಗೌರಮ್ಮ. “ನಾವು ತಿಂದು, ಮಾರಿ, ದನಕ್ಕೆ ಹಾಕಿ, ಇನ್ನೂ ಮಿಗುತ್ತೆ. ನಾನು ಕೊಡೋ ಕೊಸರು ಯಾರ ತಟ್ಟೆಯಿಂದಲೂ ತೆಗೆದದ್ದಲ್ಲ.”

ಅವನು ಬದುವಿನಿಂದ ಕೆಳಗಿಳಿದ. ಒಂದು ಕಾಯಿ ಕಿತ್ತು ಮೂಗಿಗೆ ಹಿಡಿದ. ಕಣ್ಣೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳಲಿಲ್ಲ.

“ಇಂಥ ನೆಲದಲ್ಲಿ ಹುಟ್ಟಿದೀವಿ ಅನ್ನೋದು ಅಲ್ಲಿಗೆ ಹೋಗೋವರೆಗೂ ಗೊತ್ತಿರಲಿಲ್ಲ ನಂಗೆ” ಎಂದ. “ನಿಮ್ಮ ಬುಟ್ಟಿ ನೋಡೋಕೇ ದಿನಾ ಬರ್ತಿದ್ದೆ. ಆಮೇಲಾಮೇಲೆ... ಬುಟ್ಟಿ ನೋಡೋದು ನೆಪ ಆಯ್ತು.”

ಗೌರಮ್ಮ ಮಡಿಲಿನಿಂದ ಒಂದು ಹಿಡಿ ಕಾಯಿ ತೆಗೆದು ಚಾಚಿದಳು. ಅವನು ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಿಂದ ಹರಡಿ ಹಿಡಿದ. ಈ ಸಲ ವಾಪಸು ಹಾಕದೆ ಗಂಟು ಕಟ್ಟಿಕೊಂಡ.

ಚಪ್ಪರದ ಕಡೆಯಿಂದ ಕೆಮ್ಮು ಕೇಳಿಸಿತು. ಗೌರಮ್ಮನ ಅಪ್ಪ ರಾಮಯ್ಯ! ಕೊಸರಿನ ಕಥೆಯನ್ನೆಲ್ಲ ಅಕ್ಕಯಮ್ಮನ ಬಾಯಲ್ಲಿ ದಿನಾ ಕೇಳಿದ್ದವನಿಗೆ ಬೇರೇನೂ ಹೇಳಬೇಕಿರಲಿಲ್ಲ. ಬೈರಣ್ಣ ಹತ್ತಿರ ಹೋಗಿ ಕೈಮುಗಿದು ಹೆಣ್ಣು ಕೇಳಿದ. ರಾಮಯ್ಯ ಮಗಳ ಮುಖ ನೋಡಿದ, ಟವೆಲಿನ ಗಂಟು ನೋಡಿದ.

“ಉತ್ತರಹಳ್ಳಿಯೋರಿಗೆ ಇವತ್ತೇ ಹೇಳಿ ಕಳಿಸ್ಬೇಕು. ನೀನು ಉಂಡ್ಕೊಂಡು ಹೋಗಪ್ಪ” ಎಂದ.

ಮಧ್ಯಾಹ್ನ ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಮೊದಲ ತುತ್ತಿಗೆ ಮುಂಚೆ ಬೈರಣ್ಣ ಒಂದು ಗಳಿಗೆ ಕಣ್ಣು ಮುಚ್ಚಿದ. ತುಟಿ ಮಾತ್ರ ಏಕಾಂತಯ್ಯನ ಹೆಸರಿಗೆ ಅಲುಗಿತು.

ಗೌರಮ್ಮ ಒಂದು ಸೌಟು ಸಾರು ಬಡಿಸಿದಳು. ಇನ್ನೊಂದು. ಮತ್ತೊಂದು.

“ಹಾಕ್ತಾನೇ ಇದೀಯಲ್ಲ ಗೌರಮ್ಮ...”

“ಸಾಕು ಅನ್ನಿ, ನಿಲ್ಲಿಸ್ತೀನಿ.”

ಅವನು ತಟ್ಟೆಯನ್ನು ಇನ್ನಷ್ಟು ಅವಳ ಹತ್ತಿರಕ್ಕೆ ಸರಿಸಿದ.

“ಅನ್ನಲ್ಲ.”