ಎರಡನೇ ಪುಟ ಎಲ್ಲಿ, ಹಂಸ?

"ಏನ್ ನೋಡ್ತಾ ನಿಂತಿದ್ದೀರಿ? ಆ ಸೀಟಿನ ಜೇಬಿಗೆ ಕೈ ಹಾಕಿ!"

ಹಂಸ ಕೂಗಿದ ರಭಸಕ್ಕೆ ಬಾಗಿಲಲ್ಲಿ ನಿಂತಿದ್ದ ಎತ್ತರದ ಯುವಕ ಬೆಚ್ಚಿಬಿದ್ದ. ಹೆಗಲಲ್ಲಿ ಬ್ಯಾಗು, ಕುತ್ತಿಗೆಯಲ್ಲಿ ಗುರುತಿನ ಕಾರ್ಡು. ಕಾರ್ಡಿನಲ್ಲಿ 'ಹರ್ಷವರ್ಧನ್' ಎಂಬ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

"ಅಲ್ಲ... ನಾನು..."

"ಹೊಸಬರು ಅಂತ ಗೊತ್ತು. ಮೊದಲ ದಿನವೇ ಹತ್ತು ನಿಮಿಷ ಲೇಟು! ತಗೊಳ್ಳಿ ಈ ಚೀಲ. ಹದಿನಾಲ್ಕನೇ ಸಾಲಿಂದ ಹಿಂದಕ್ಕೆ ಪೂರ್ತಿ ನಿಮ್ಮದು!"

ಕಸದ ಚೀಲ ಅವನ ಕೈಗೆ ಬಂತು. ಹಂಸಳ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು.

ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ ಹಳೆಯದೊಂದು ತೆಂಗಿನ ನಾರಿನ ಕಾರ್ಖಾನೆಯ ಶೆಡ್ಡಿದೆ. ಅದರೊಳಗೆ, ರೆಕ್ಕೆಯೂ ಇಲ್ಲದ ಬಾಲವೂ ಇಲ್ಲದ ಒಂದು ವಿಮಾನದ ನಡುತುಂಡು. ಅದೇ 'ಗರಿ ಏರ್' ಎಂಬ ಅಗ್ಗದ ಟಿಕೆಟ್ಟಿನ ಪುಟ್ಟ ವಿಮಾನ ಕಂಪನಿಯ ತರಬೇತಿ ಕೇಂದ್ರ. ಇಲ್ಲಿ ಯಾರೂ ಹಾರುವುದಿಲ್ಲ, ಹಾರುವ ವಿಮಾನದೊಳಗಿನ ಕೆಲಸ ಕಲಿಯುತ್ತಾರೆ ಅಷ್ಟೆ. ಮೂಲೆಯಲ್ಲಿ ಇನ್ನೂ ಉಳಿದಿರುವ ನಾರಿನ ಪುಡಿಗೆ ದಿನಕ್ಕೆ ನಾಲ್ಕು ಸಲವಾದರೂ ಸೀನುತ್ತಾರೆ!

ವಿಮಾನ ಇಳಿದ ಇಪ್ಪತ್ತೈದು ನಿಮಿಷದಲ್ಲಿ ಮತ್ತೆ ಹೊರಡಬೇಕು. ಅಷ್ಟರಲ್ಲಿ ಜನ ಇಳಿಯಬೇಕು, ಕಸ ತೆಗೆಯಬೇಕು, ಹೊಸ ಜನ ಕೂರಬೇಕು. ನೆಲದ ಮೇಲೆ ನಿಂತಷ್ಟೂ ನಷ್ಟ. ಅದಕ್ಕೇ ಗರಿ ಏರ್‌ನಲ್ಲಿ ಕ್ಯಾಪ್ಟನ್ನಿನಿಂದ ಹಿಡಿದು ಸುಮ್ಮನೆ ಪ್ರಯಾಣಕ್ಕೆ ಹತ್ತಿದ ಮ್ಯಾನೇಜರ್‌ವರೆಗೆ ಎಲ್ಲರೂ ಕಸಕ್ಕೆ ಕೈ ಹಾಕಬೇಕು. ಕಾರ್ಡಿನಲ್ಲಿ ಹುದ್ದೆ ಬರೆಯುವಂತಿಲ್ಲ. ಸರ್, ಮೇಡಂ ಅನ್ನುವಂತಿಲ್ಲ. ಆದರೆ ನಮ್ಮ ಹಾಸನದ ಮಕ್ಕಳಿಗೆ ಬರೀ ಹೆಸರು ಕರೆಯಲು ನಾಲಿಗೆ ಹೊರಳಬೇಕಲ್ಲ? ಹಾಗಾಗಿ ಪಾಠ ಹೇಳುವ ಹಂಸ ಎಲ್ಲರಿಗೂ 'ಹಂಸಕ್ಕ' ಆಗಿದ್ದಳು.

ಹೊಸಬ ಹದಿನೇಳನೇ ಸಾಲಿನಲ್ಲಿ ಚಕ್ಕುಲಿ ಪುಡಿ ಚೆಲ್ಲಿದ. ಹತ್ತೊಂಬತ್ತರಲ್ಲಿ ತಲೆ ಚಚ್ಚಿಕೊಂಡ. ಕೊನೆಗೆ ಸ್ಟಾಪ್‌ವಾಚ್ ಇಪ್ಪತ್ತಾರು ನಿಮಿಷ ಹತ್ತು ಸೆಕೆಂಡ್ ತೋರಿಸಿತು.

"ವಿಮಾನ ತಡವಾಯ್ತು, ನಿಮ್ಮಿಂದ!" ಹಂಸ ಕಣ್ಣು ಕೆಕ್ಕರಿಸಿದಳು. ಇಪ್ಪತ್ತನಾಲ್ಕು ಜನ ತರಬೇತಿಯವರು ಕಿಸಕ್ಕನೆ ನಕ್ಕರು. "ಎಲ್ಲಿಂದ ಬಂದಿದ್ದೀರಿ?"

"ಊರು ಕೊಣನೂರು. ಈಗ ಬಂದಿರೋದು ಹೆಡ್ ಆಫೀಸಿಂದ." ಅವನು ತಲೆ ಸವರಿಕೊಂಡ. "ಈ ಕೇಂದ್ರ ಇಟ್ಕೋಬೇಕೋ ಮುಚ್ಚಬೇಕೋ ಅಂತ ವರದಿ ಬರಿಯೋಕೆ."

ನಗು ನಿಂತಿತು. ಯಾರೋ ಸೀನಿದ್ದು ಮಾತ್ರ ಕೇಳಿಸಿತು.

'ಅಯ್ಯೋ ದೇವರೇ... ಮುಚ್ಚೋಕೆ ಬಂದವನ ಕೈಗೇ ಕಸದ ಚೀಲ ಕೊಟ್ನಲ್ಲಾ!' ಹಂಸಳ ಕಿವಿ ಕೆಂಪಾಯಿತು.

ಹರ್ಷ ಚೀಲ ಎತ್ತಿ ಹಿಡಿದು ಮೆಲ್ಲಗೆ ನಕ್ಕ. "ಇದನ್ನ ಎಲ್ಲಿ ಹಾಕ್ಲಿ, ಹಂಸ ಅವರೇ?"

*

ಗರಿ ಏರ್‌ಗೆ ಇರುವುದು ಆರು ವಿಮಾನ. ಎರಡು ವರ್ಷದಲ್ಲಿ ಹನ್ನೆರಡಾಗಬೇಕು. ಹೊಸದಾಗಿ ಬಂದ ದೊಡ್ಡವರು, "ಒಂದು ಬ್ಯಾಚಿಗೆ ಒಂಬತ್ತು ವಾರ ಯಾಕೆ? ಗುತ್ತಿಗೆಯವರು ಮೂರೇ ವಾರದಲ್ಲಿ ಜನ ಕೊಡ್ತಾರೆ. ಹಾಸನ ಮುಚ್ಚಿ," ಅನ್ನುತ್ತಿದ್ದರು.

ಮುಚ್ಚಿದರೆ ಹಳೇಕೋಟೆ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಂದ ಈ ಇಪ್ಪತ್ತನಾಲ್ಕು ಮಕ್ಕಳು ಅರ್ಧಕ್ಕೇ ಮನೆಗೆ ಹೋಗಬೇಕು. ಹಂಸ ಐದು ವರ್ಷದಿಂದ ಕಟ್ಟಿದ್ದೆಲ್ಲ ಮತ್ತೆ ನಾರಿನ ಶೆಡ್ಡಾಗುತ್ತದೆ. ಅವಳಿಗೆ ಊಟ ಸೇರುತ್ತಿರಲಿಲ್ಲ.

ಆದರೆ ಈ ಹರ್ಷ ಮಾತ್ರ ವಿಚಿತ್ರ! ದಿನಾ ಎಂಟಕ್ಕೇ ಬರುತ್ತಿದ್ದ. ಯಾರೂ ಹೇಳದೆ ಕೈಗವಸು ಹಾಕಿಕೊಂಡು ಹದಿನಾಲ್ಕನೇ ಸಾಲಿಗೆ ಹೋಗುತ್ತಿದ್ದ. ನಾಲ್ಕನೇ ದಿನಕ್ಕೆ ಚಕ್ಕುಲಿ ಪುಡಿ ಚೆಲ್ಲುವುದು ನಿಂತಿತು. ಆರನೇ ದಿನಕ್ಕೆ ಹಂಸ ಸ್ಟಾಪ್‌ವಾಚ್ ನೋಡುವ ನೆಪದಲ್ಲಿ ಅವನನ್ನು ನೋಡುವುದು ಶುರುವಾಯಿತು. ಇದನ್ನು ಅವಳೇ ಒಪ್ಪಿಕೊಂಡಿರಲಿಲ್ಲ ಬಿಡಿ.

ಒಂದು ದಿನ ಹಳೇಕೋಟೆಯ ರೂಪಶ್ರೀ ರಜೆ ಅರ್ಜಿ ತಂದಳು. ಗರಿ ಏರ್‌ನಲ್ಲಿ ಇನ್ನೊಂದು ಪದ್ಧತಿಯಿತ್ತು. ಏನೇ ಕೇಳುವುದಿದ್ದರೂ ಮೊದಲ ಪುಟ ಎದುರಾಳಿಯದು. ನಮ್ಮ ಮಾತು ಯಾಕೆ ತಪ್ಪು ಅನ್ನುವುದನ್ನು ನಾವೇ ಬರೆಯಬೇಕು. ಎರಡನೇ ಪುಟದಿಂದ ನಮ್ಮ ಮಾತು. ಮೊದಲ ವಾರವೇ ಹಂಸ ಕಲಿಸುತ್ತಿದ್ದ ಪಾಠ ಅದು.

ಹರ್ಷ ಅರ್ಜಿಯನ್ನು ಗಟ್ಟಿಯಾಗಿ ಓದಿದ. "ನಮ್ಮ ಅತ್ತೆ ಮಗಳ ಮದುವೆಗೆ ರಜೆ ಕೊಡಬಾರದು. ಕಾರಣಗಳು. ಒಂದು, ಹೋದ ಸಲ ಎರಡು ದಿನ ಅಂತ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಎರಡು, ಆ ಅತ್ತೆಗೂ ನಮಗೂ ಅಷ್ಟಕ್ಕಷ್ಟೆ. ಮೂರು, ನಾನು ಹೋಗುತ್ತಿರುವುದೇ ಊಟಕ್ಕೆ..."

ಹಂಸ, ಹರ್ಷ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಗ್ತೀರಲ್ಲ ಹಂಸಕ್ಕ, ನೀವೇ ತಾನೆ ನಿಜ ಬರಿ ಅಂದಿದ್ದು?" ರೂಪಶ್ರೀ ಮುಖ ಊದಿಸಿದಳು. "ಎರಡ್ನೇ ಪುಟ ಓದ್ರಿ, ಅಲ್ಲಿ ಸರ್ಯಾಗಿ ಬರ್ದಿವ್ನಿ!"

ರಜೆ ಸಿಕ್ಕಿತು.

ಎರಡನೇ ವಾರ ಹಂಸ, ಹರ್ಷ ಇಬ್ಬರೂ ಅರಕಲಗೂಡಿನ ಕಾಲೇಜಿಗೆ ಹೋಗಿ ಮುಂದಿನ ಬ್ಯಾಚಿಗೆ ಮಕ್ಕಳನ್ನು ಮಾತಾಡಿಸಿ ಬಂದರು. "ಇಲ್ಲಿವರೆಗೆ ಬಂದು ಮನೆಗೆ ಬರ್ದಿದ್ರೆ ಅಮ್ಮ ನನ್ನ ಸುಮ್ನೆ ಬಿಡಲ್ಲ," ಎಂದು ಹರ್ಷ ಅವಳನ್ನು ಕೊಣನೂರಿಗೂ ಕರೆದೊಯ್ದ.

ಅವನ ತಾಯಿ ಜಯಲಕ್ಷ್ಮಮ್ಮ ಕಂಪನಿಯ ಕಥೆಯನ್ನೆಲ್ಲ ಕೇಳಿ, "ಇದ್ರಲ್ಲಿ ಏನವ್ವ ಓಸದು? ನಮ್ಮನೇಲೂ ಅಂಗೇ ಕಣವ್ವ," ಅಂದರು. "ಆಲೂಗೆಡ್ಡೆ ಕೀಳೋ ದಿನ ಇವರಪ್ಪನೂ ಮಂಕರಿ ಒರೋರು. ಯಜಮಾನ ದಡದ ಮ್ಯಾಲೆ ನಿಂತ್ರೆ ಆಳುಗಳು ಗೆಡ್ಡೆ ಬಿಟ್ಟು ಮಣ್ಣೇ ತುಂಬೋದು! ಕೂತ್ಕ, ಉಂಡ್ಕಂಡು ಓಗೀವಂತೆ."

ಊಟವಾದ ಮೇಲೆ ಕಾವೇರಿಯ ತೂಗುಸೇತುವೆಯ ಮೇಲೆ ನಿಂತಾಗ ಗಾಳಿಗೆ ಹಲಗೆ ತೂಗಿತು. ಹಂಸ ಅವನ ತೋಳು ಹಿಡಿದಳು. ತೂಗುವುದು ನಿಂತ ಮೇಲೂ ಬಿಡಲಿಲ್ಲ.

"ಒಂದು ಮಾತು ಹೇಳ್ಲಾ? ಯಾರಿಗೂ ಹೇಳ್ಬೇಡಿ," ಅಂದಳು. "ಒಂಬತ್ತು ವಾರ ನಿಜವಾಗ್ಲೂ ಬೇಕಾ ಅಂತ ನಂಗೇ ಒಮ್ಮೊಮ್ಮೆ ಅನುಮಾನ ಬರತ್ತೆ. ಮಕ್ಕಳ ಟೈಮ್ ಹಾಳು ಮಾಡ್ತಿದ್ದೀನೇನೋ ಅಂತ..."

ಹರ್ಷ ಅವಳ ಕೈ ಮೇಲೆ ತನ್ನ ಕೈ ಇಟ್ಟ.

'ಇವನ ಹತ್ತಿರ ಏನು ಬೇಕಾದರೂ ಹೇಳಬಹುದು,' ಅನ್ನಿಸಿತು ಹಂಸಳಿಗೆ. ಅವಳಿಗೆ ಪ್ರೀತಿ ಹುಟ್ಟಿತ್ತು, ಇನ್ನು ಮುಚ್ಚಿಡುವುದೇನು!

*

ಹರ್ಷ ಹೊರಡುವ ದಿನ ಬಂತು. ಅಂದು ಕೊಣನೂರು, ಮಾರನೆಯ ದಿನ ಬೆಂಗಳೂರಿನ ಮೀಟಿಂಗು.

ಹಂಸ ಹಾಜರಿ ಪಟ್ಟಿ ತೆಗೆದುಕೊಳ್ಳಲು ಪ್ರಿಂಟರ್ ಹತ್ತಿರ ಹೋದಳು. ಅಲ್ಲೊಂದು ಹಾಳೆ ಬಿದ್ದಿತ್ತು. ಪಕ್ಕದಲ್ಲಿ ಪ್ರಿಂಟರಿನ ಕೆಂಪು ದೀಪ ಮಿನುಗುತ್ತಿದ್ದುದನ್ನು ಅವಳು ಗಮನಿಸಲಿಲ್ಲ.

'ಹಾಸನ ಕೇಂದ್ರವನ್ನು ಮುಚ್ಚಬೇಕು. ಕಾರಣಗಳು.'

ಅವಳು ಹಾಳೆ ಕೈಗೆತ್ತಿಕೊಂಡಳು. ಒಂದು... ಎರಡು... ಮೂರು... ನಾಲ್ಕನೆಯದನ್ನು ಅವಳು ಎರಡು ಸಲ ಓದಿದಳು.

'ಒಂಬತ್ತು ವಾರ ಬೇಕೇ ಎಂದು ಕಲಿಸುವವರಿಗೇ ಅನುಮಾನವಿದೆ.'

ತೂಗುಸೇತುವೆಯ ಮೇಲೆ ಹೇಳಿದ ಮಾತು!

ಹರ್ಷ ಎರಡು ಲೋಟ ಕಾಫಿ ಹಿಡಿದು ಒಳಬಂದ. ಹಂಸ ಹಾಳೆಯನ್ನು ಅವನ ಮುಖದ ಮುಂದೆ ಹಿಡಿದಳು.

"ಇದಕ್ಕೇನಾ ಕೈ ಹಿಡಿದು ಕೇಳಿಸ್ಕೊಂಡಿದ್ದು?"

"ಹಂಸ ಅವರೇ, ಪೂರ್ತಿ ಓದಿ..."

"ಓದಿದ್ದು ಸಾಕು! ಕಸ ತೆಗೆದಿದ್ದೂ ನಾಟಕ, ನಿಮ್ಮಮ್ಮನ ಮನೇಲಿ ಊಟ ಹಾಕಿಸಿದ್ದೂ ನಾಟಕ. ಹೊರಡಿ ನೀವು, ಬಸ್ ತಪ್ಪತ್ತೆ!"

"ಒಂದೇ ನಿಮಿಷ..."

"ಹೋಗಿ ಅಂದ್ನಲ್ಲಾ!"

ಅವನ ಮುಖ ಬಾಡಿತು. ಕಾಫಿ ಲೋಟಗಳನ್ನು ಮೇಜಿನ ಮೇಲಿಟ್ಟು, ಬ್ಯಾಗು ಎತ್ತಿಕೊಂಡು ಹೊರಟ.

ಹಂಸ ವಿಮಾನದ ತುಂಡಿನೊಳಗೆ ಹೋಗಿ ಹದಿನಾಲ್ಕನೇ ಸಾಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹುಡುಕಿಕೊಂಡು ಬಂದ ರೂಪಶ್ರೀ ಅವಳ ಕೈಯಿಂದ ಹಾಳೆ ಮೆಲ್ಲಗೆ ತೆಗೆದು ಓದಿದಳು.

"ಹಂಸಕ್ಕ..."

"ಏನೇ?"

"ಇದು ಮೊದ್ಲನೇ ಪುಟ ಅಲ್ವಾ? ಎರಡ್ನೇದು ಎಲ್ಲೈತೆ?"

ಹಂಸಳ ಅಳು ತಟ್ಟನೆ ನಿಂತಿತು.

ಐದು ವರ್ಷದಿಂದ ನೂರಾರು ಮಕ್ಕಳಿಗೆ ಹೇಳಿಕೊಟ್ಟವಳು... ಮರೆತುಬಿಟ್ಟಿದ್ದಳು! ಇಬ್ಬರೂ ಪ್ರಿಂಟರ್ ಹತ್ತಿರ ಓಡಿದರು. ಪೇಪರ್ ಮುಗಿದು ಅದು ಬಾಯಿ ಬಿಟ್ಟುಕೊಂಡು ಕೂತಿತ್ತು. ರೂಪಶ್ರೀ ಹೊಸ ಹಾಳೆ ತುಂಬಿದ್ದೇ ತಡ, ಗರಗರ ಎಂದು ಒಂದೊಂದೇ ಪುಟ ಹೊರಬಂತು.

'ಇನ್ನು ನನ್ನ ಮಾತು. ಹಾಸನ ಕೇಂದ್ರವನ್ನು ಮುಚ್ಚಬಾರದು.

ಗುತ್ತಿಗೆಯಿಂದ ಬಂದವರಲ್ಲಿ ಅರ್ಧ ಜನ ಆರು ತಿಂಗಳಲ್ಲಿ ಬಿಟ್ಟು ಹೋಗಿದ್ದಾರೆ. ಹಾಸನದಲ್ಲಿ ಕಲಿತವರು ಉಳಿದಿದ್ದಾರೆ. ಇಪ್ಪತ್ತೈದು ನಿಮಿಷ ತಪ್ಪದ ವಿಮಾನಗಳು ಅವರು ಇರುವ ವಿಮಾನಗಳೇ. ನಾವು ಒಂದರಿಂದ ಆರಾಗಿದ್ದು ಕ್ಯಾಪ್ಟನ್ ಕಸ ತೆಗೆದದ್ದರಿಂದ. ಅದನ್ನು ಬಿಟ್ಟರೆ ಹನ್ನೆರಡು ವಿಮಾನ ಕೊಳ್ಳಬಹುದು, ಹಾರಿಸಲು ಜನ ಇರುವುದಿಲ್ಲ.

ನಾಲ್ಕನೇ ಕಾರಣದ ಬಗ್ಗೆ: ತನ್ನ ಪಾಠದ ಮೇಲೆ ತಾನೇ ಅನುಮಾನ ಪಡುವ ಗುರು ನಮಗೆ ಗುತ್ತಿಗೆಯಲ್ಲಿ ಸಿಗುವುದಿಲ್ಲ.'

ಕೊನೆಯ ಪುಟದ ಕೆಳಗೆ ಒಂದು ಸಾಲಿತ್ತು. 'ಇದು ಕರಡು. ಹಂಸ ಅವರು ಓದಿ ಒಪ್ಪಿದರೆ ಮಾತ್ರ ಕಳಿಸುವುದು.'

"ರೂಪಾ, ಸ್ಕೂಟರ್ ಕೀ ಎಲ್ಲೇ?!"

*

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೊಣನೂರು ಬಸ್ಸು ಆಗಲೇ ಹಿಂದಕ್ಕೆ ಬರುತ್ತಿತ್ತು. ಸ್ಕೂಟರ್ ಬಿಟ್ಟು ಹಂಸ ಓಡಿ ಬಂದು ಬಸ್ಸಿನ ಪಕ್ಕಕ್ಕೆ ಪಟಪಟ ಬಡಿದಳು.

"ಅತ್ತೋದಾದ್ರೆ ಅತ್ತಮ್ಮ, ಇಲ್ದಿದ್ರೆ ದಾರಿ ಬಿಡು!" ಕಂಡಕ್ಟರ್ ಪರಮೇಶ್ ಗದರಿದ.

"ಎರಡೇ ನಿಮಿಷ ಅಣ್ಣಾ!"

"ಎಲ್ಡು ಅಂದ್ರೆ ಎಲ್ಡೇ ಕಣಮ್ಮ. ಟೈಮಾಗೈತೆ."

ಮೂರನೇ ಕಿಟಕಿಯಲ್ಲಿ ಹರ್ಷನ ಮುಖ ಕಂಡಿತು. ಹಂಸಳಿಗೆ ಏದುಸಿರು. ಬಾಯಿ ತೆರೆದರೆ ಅಳು ಬರುವಂತಿತ್ತು.

"ಪ್ರಿಂಟರಲ್ಲಿ ಪೇಪರ್ ಮುಗಿದಿತ್ತು..." ಅಂದಳು.

ಅವನು ನಕ್ಕುಬಿಟ್ಟ.

"ಕ್ಷಮಿಸಿ ಹರ್ಷ ಅವರೇ. ನಿಮ್ಮಮ್ಮನ ಹೆಸರನ್ನೂ ಎತ್ತಿಬಿಟ್ಟೆ. ನಾಚಿಕೆ ಆಗ್ತಿದೆ."

"ತಪ್ಪು ನಂದೂ ಇದೆ. ಯಾರಿಗೂ ಹೇಳ್ಬೇಡಿ ಅಂದಿದ್ರಿ. ಬರೆದ ಮೇಲೆ ಕೇಳೋದಲ್ಲ, ಬರೆಯೋ ಮುಂಚೆನೇ ಕೇಳ್ಬೇಕಿತ್ತು." ಅವನ ದನಿ ಮೆತ್ತಗಾಯಿತು. "ಆ ಮಾತು ತೆಗೆದುಹಾಕ್ಲಾ?"

ಹಂಸ ಕಣ್ಣೊರೆಸಿಕೊಂಡಳು. "ಬೇಡ. ಇರಲಿ. ನನ್ನ ಹೆಸರೂ ಹಾಕಿ."

"ಆಯ್ತೇನಮ್ಮ?" ಪರಮೇಶ್ ಸೀಟಿ ಊದಿದ. ಬಸ್ಸು ಹೊರಟಿತು. ಹಂಸ ಹೇಳಬೇಕೆಂದಿದ್ದ ಇನ್ನೊಂದು ಮಾತು ಹಾಗೇ ಉಳಿಯಿತು.

*

ಮೂರು ದಿನ ಸುದ್ದಿಯಿಲ್ಲ. ಫೋನೂ ಇಲ್ಲ. ಹೊಳೆನರಸೀಪುರದ ಮನೆಯಲ್ಲಿ ತಂದೆ ತಿರುನಾರಾಯಣ, "ಯಾಕಮ್ಮ, ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೀಯ?" ಎಂದು ಕೇಳಿದರು. ಅವಳು ಇನ್ನೊಮ್ಮೆ ಫೋನ್ ಕಡೆ ನೋಡಿದಳು.

ನಾಲ್ಕನೇ ದಿನ ಬೆಳಿಗ್ಗೆ ಅಭ್ಯಾಸ ಶುರುವಾಗಿತ್ತು. ಸ್ಟಾಪ್‌ವಾಚ್ ಓಡುತ್ತಿತ್ತು. ಬಾಗಿಲಲ್ಲಿ ಎತ್ತರದ ನೆರಳು ಬಿತ್ತು.

ಹಂಸ ಬಾಗಿಲ ಕಡೆ ಓಡಿದಳು. "ಏ... ಏನಾಯ್ತು?"

"ಮೊದಲು ಕೆಲಸ," ಎಂದ ಹರ್ಷ ಕೈಗವಸು ಹಾಕಿಕೊಳ್ಳುತ್ತಾ. "ವಿಮಾನ ತಡವಾಗತ್ತೆ."

'ಇವನ ಹೊಟ್ಟೆ ತಣ್ಣಗಿರಲಿ, ಬಾಯಿ ಬಿಟ್ಟು ಹೇಳಬಾರದಾ!' ಹಂಸ ತುಟಿ ಕಚ್ಚಿದಳು. ಅಷ್ಟರಲ್ಲಿ ಅವಳಿಗೆ ನೆನಪಾಯಿತು. ಹದಿನಾಲ್ಕನೇ ಸಾಲಿನ ಸೀಟಿನ ಜೇಬು! ಹಿಂದಿನ ಸಂಜೆ ತಾನೇ ಬರೆದು, ಕೊಡುವ ಧೈರ್ಯವಿಲ್ಲದೆ ಅಲ್ಲಿ ತುರುಕಿದ ಹಾಳೆ...

"ಆ ಸಾಲು ಬೇಡ! ಅದು ಆಗಲೇ..."

ತಡವಾಗಿತ್ತು. ಹರ್ಷ ಹಾಳೆ ಬಿಡಿಸಿ ಓದುತ್ತಿದ್ದ.

'ಹಂಸಳನ್ನು ಹರ್ಷ ಮದುವೆಯಾಗಬಾರದು. ಕಾರಣಗಳು.

ಒಂದು, ಮುಂಗೋಪಿ. ಪೂರ್ತಿ ಓದುವ ತಾಳ್ಮೆಯಿಲ್ಲ.

ಎರಡು, ಮದುವೆ ಊಟದಲ್ಲೂ ಸ್ಟಾಪ್‌ವಾಚ್ ಹಿಡಿದು ಪಂಕ್ತಿ ಎಬ್ಬಿಸುವ ಅಪಾಯವಿದೆ.

ಮೂರು, ನಮ್ಮ ಅಡುಗೆಮನೆಗೆ ಈರುಳ್ಳಿಯೂ ಬರುವುದಿಲ್ಲ. ಅವರ ಮನೆಯಲ್ಲಿ ಕೋಳಿ ಸಾರಿಲ್ಲದೆ ಹಬ್ಬ ಮುಗಿಯುವುದಿಲ್ಲ.

ನಾಲ್ಕು, ಅಪ್ಪ ಮೂವತ್ತು ವರ್ಷ ಗಣಿತ ಪಾಠ ಮಾಡಿದವರು. ಪ್ರತಿಯೊಂದಕ್ಕೂ ಕಾರಣ ಕೇಳುತ್ತಾರೆ.'

ಅವನು ಹಾಳೆಯ ಹಿಂದುಗಡೆ ತಿರುಗಿಸಿ ನೋಡಿದ. ಖಾಲಿ.

"ಕೇಂದ್ರ ಉಳಿತು," ಅಂದ ಮೆಲ್ಲಗೆ. "ಒಂಬತ್ತು ವಾರವೂ ಉಳಿತು. ಇನ್ಮೇಲೆ ಹೆಡ್ ಆಫೀಸಿಗೆ ಯಾರೇ ಹೊಸದಾಗಿ ಸೇರಿದ್ರೂ ಮೊದಲು ಇಲ್ಲಿ ಬಂದು ಒಂದು ವಾರ ಕಸ ತೆಗೀಬೇಕಂತೆ. ನಿಮ್ಮ ಅನುಮಾನ ಓದಿದ ಮೇಲೇ ಮುಚ್ಚಿ ಅಂತಿದ್ದೋರೆಲ್ಲ ಸುಮ್ಮನಾಗಿದ್ದು. ಫೋನಲ್ಲಿ ಹೇಳೋಕೆ ಮನಸ್ಸು ಬರ್ಲಿಲ್ಲ, ನಿಮ್ಮ ಮುಖ ನೋಡಿ ಹೇಳ್ಬೇಕಿತ್ತು."

ಹಂಸ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೂ ಅಳು ಬರುತ್ತದಲ್ಲ!

ಅವನು ಆ ಕೈಗಳನ್ನು ನಿಧಾನವಾಗಿ ಸರಿಸಿದ. ಮೊದಲ ಸಲ 'ಅವರೇ' ಬಿಟ್ಟು ಕೇಳಿದ.

"ಎರಡನೇ ಪುಟ ಎಲ್ಲಿ, ಹಂಸ?"

"ಪೇಪರ್... ಮುಗಿದಿತ್ತು."

"ಸುಳ್ಳು."

"ಬರೆಯೋಕೆ ಧೈರ್ಯ ಸಾಲಲಿಲ್ಲ," ಅಂದಳು ನೆಲ ನೋಡುತ್ತಾ. "ಇದ್ದಿದ್ದೇ ಒಂದು ಸಾಲು. ನೀವಂದ್ರೆ ನಂಗೆ ಇಷ್ಟ, ಹರ್ಷ. ತುಂಬಾ..."

"ನಂಗೂ. ಚೀಲ ಕೈಗೆ ಕೊಟ್ಟ ದಿನದಿಂದ." ಅವನ ಕಣ್ಣೂ ತೇವವಾಗಿತ್ತು. "ನಿಮ್ಮಪ್ಪನಿಗೆ ನಾನೇ ಬರೀತೀನಿ. ಮೊದಲ ಪುಟ ಸ್ವಲ್ಪ ಉದ್ದ ಆಗಬಹುದು."

"ಹಂಸಕ್ಕೋ!" ಹಿಂದಿನಿಂದ ರೂಪಶ್ರೀ ಕೂಗಿದಳು. "ಇಪ್ಪತ್ತೇಳು ನಿಮಿಷ ಆಯ್ತು! ಇಮಾನ ಬುಡೋದಾ ಬ್ಯಾಡ್ವಾ?"

ಇಪ್ಪತ್ತನಾಲ್ಕು ಜನರೂ ಸೀಟುಗಳ ಮೇಲಿಂದ ಇಣುಕುತ್ತಿದ್ದರು. ಹಂಸ ಐದು ವರ್ಷದಲ್ಲಿ ಮೊದಲ ಬಾರಿಗೆ ಸ್ಟಾಪ್‌ವಾಚ್ ಅನ್ನು ನಡುವೆಯೇ ಆಫ್ ಮಾಡಿದಳು.

"ಇವತ್ತೊಂದು ದಿನ ತಡವಾಗ್ಲಿ ಬಿಡೇ."

"ತಡ ಯಾರಿಂದ ಆಯ್ತು ಅಂತ ಬರೀಲಿ?" ಹರ್ಷ ಅವಳ ಕಿವಿಯ ಹತ್ತಿರ ಕೇಳಿದ.

"ಇಬ್ಬರಿಂದ ಅಂತ ಬರೀರಿ," ಅಂದಳು ಹಂಸ, ಅವನ ತೋಳು ಹಿಡಿದು.