ಮೂರನೇ ಸಿಟ್ಟಿಂಗ್

ವನಜಾಕ್ಷಿ ಆ ಸಲೂನಿಗೆ ಬಂದ ದಿನ ಮೊದಲು ಹೇಳಿದ್ದೇ ಸುಳ್ಳು.

"ಕೂದಲಿಗೆ ಇದುವರೆಗೂ ಏನೂ ಹಾಕಿಲ್ಲ. ಬ್ರೌನ್ ಮಾಡಿಕೊಡಿ. ಭಾನುವಾರದೊಳಗೆ ಆಗ್ಬೇಕು."

ಚಲುವರಾಜು ಸೋಲೂರಿನವನು. ರಾಮನಗರದ ಆ ಸಲೂನಿನಲ್ಲಿ ಆರು ವರ್ಷದಿಂದ ಕಲರ್ ಹಾಕುತ್ತಿದ್ದ. ಮಾತು ಕಮ್ಮಿ. ಅವಳ ಕಿವಿಯ ಹಿಂದಿನ ಒಂದೆಳೆಗೆ ಬ್ಲೀಚ್ ಹಚ್ಚಿ, ಫಾಯಿಲ್ ಸುತ್ತಿ ಕಾದ. ಬಿಚ್ಚಿ ನೋಡಿದರೆ ಹೊಸದಾಗಿ ಬೆಳೆದ ಬುಡದಲ್ಲಿ ಒಂದಿಷ್ಟು ಕಿತ್ತಳೆ ಬಣ್ಣ. ಕೆಳಗೆಲ್ಲ ಕರ್ರಗೆ ಹಾಗೇ ಇತ್ತು.

"ಎಷ್ಟು ವರ್ಷದಿಂದ ಕಪ್ಪು ಡೈ ಹಾಕ್ತಿದೀರಿ ಮೇಡಂ?"

ಕನ್ನಡಿಯಲ್ಲಿ ಅವಳ ಕಣ್ಣು ಅವನನ್ನು ಒಂದು ಗಳಿಗೆ ನೋಡಿ ಕೆಳಗಿಳಿಯಿತು. "ಐದು."

ಅವಳಿಗೆ ಇಪ್ಪತ್ತೊಂಬತ್ತು. ಬಿಡದಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ. ಇಪ್ಪತ್ನಾಲ್ಕಕ್ಕೇ ಕೂದಲು ನೆರೆಯತೊಡಗಿತ್ತು. ಅದು ಗೊತ್ತಾಗಿ ಒಂದು ಸಂಬಂಧ ಮುರಿದಿತ್ತು. ಈ ಭಾನುವಾರ ಮಾಗಡಿಯಿಂದ ಇನ್ನೊಬ್ಬ ಗಂಡಿನ ಕಡೆಯವರು ಕೂಟಗಲ್ಲಿನ ಮನೆಗೆ ಬರುವವರಿದ್ದರು. ಬ್ರೌನ್ ಆದರೆ ಬಿಳಿ ಎದ್ದು ಕಾಣುವುದಿಲ್ಲ ಎಂದು ಗೆಳತಿಯೊಬ್ಬಳು ಹೇಳಿದ್ದಳು.

"ಕಪ್ಪು ಡೈ ಮೇಲೆ ಬ್ರೌನ್ ಹತ್ತಲ್ಲ. ಹಳೇದನ್ನ ಒಸಿ ಒಸಿ ತೆಗೀಬೇಕು. ಮೂರು ಸಿಟ್ಟಿಂಗ್. ನಡುವೆ ಹದಿನೈದು ದಿನ ಬುಡ್ಬೇಕು."

"ಒಂದೇ ದಿನ ಮಾಡಿದ್ರೆ?"

"ಕೂದಲು ಕೈಗೆ ಬತ್ತೈತೆ."

ಅವಳಿಗೆ ನಗು ಬಂತು. "ಬೇರೆ ಕಡೆ ಹೋಗ್ತೀನಿ ಅಂದ್ರೆ?"

"ಹೋಗಿ. ಟೆಸ್ಟ್ ಮಾಡದೆ ಹಚ್ಚೋರ ಹತ್ರ ಮಾತ್ರ ಕೂತ್ಕೋಬೇಡಿ."

ಅವಳು ಹೋಗಲಿಲ್ಲ. ಅಂದೇ ಮೊದಲ ಸಿಟ್ಟಿಂಗ್ ಆಯಿತು. ಕೂದಲು ಅರ್ಧ ಕಪ್ಪು, ಅರ್ಧ ಕೆಂಪು.

ಎರಡನೇ ಸಲ ಬಂದಾಗ ಅವಳೇ ಮಾತು ತೆಗೆದಳು. "ಮಾಗಡಿಯವರಿಗೆ ಬಿಳಿ ಕೂದಲಿನ ವಿಷಯ ನಾನೇ ಹೇಳಿದೆ. ಯೋಚನೆ ಮಾಡ್ತಾರಂತೆ."

"ಹೇಳಿದ್ದು ಒಳ್ಳೇದಾಯ್ತು."

"ನಿಮ್ಮ ಹತ್ರ ಒಂದ್ಸಲ ಸಿಕ್ಕಿಬಿದ್ದಿದ್ದೇ ಸಾಕಾಗಿತ್ತು."

ಅವನು ನಕ್ಕ. ಆ ನಗುವನ್ನು ಕನ್ನಡಿಯಲ್ಲಿ ನೋಡಿದ ಅವಳು, ಪತ್ರಿಕೆಯೊಂದನ್ನು ತೆಗೆದುಕೊಂಡು ಒಂದೇ ಪುಟವನ್ನು ಅರ್ಧ ಗಂಟೆ ನೋಡುತ್ತ ಕುಳಿತಳು.

ಮೂರನೇ ಸಲ ಬಂದವಳು ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿದಳು. "ಮಾಗಡಿಯವರು ಒಪ್ಪಿದಾರೆ. ಮದುವೆಗೆ ಮುಂಚೆ ಮತ್ತೆ ಕಪ್ಪು ಮಾಡಿಸ್ಕೋಬೇಕಂತೆ."

ಚಲುವರಾಜು ಬಾಚಣಿಗೆ ಕೆಳಗಿಟ್ಟ. ಕಪ್ಪು ಹಾಕುವುದು ಸುಲಭದ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

"ಹಾಕ್ಲಾ?"

"ನೀವೇನಂತೀರಿ?"

"ನಿಮ್ಮ ಕೂದಲು ಮೇಡಂ. ನಾನೇನನ್ನಲಿ?"

"ಮೇಡಂ ಅನ್ನೋದು ಬಿಟ್ಟು ಹೇಳಿ."

ಅವನು ಗ್ಲೌಸ್ ಬಿಚ್ಚಿದ. ಮತ್ತೆ ಹಾಕಿಕೊಂಡ. "ನಂಗಿಷ್ಟ ಇಲ್ಲ ವನಜಾಕ್ಷಿ. ಕಪ್ಪು ಹಾಕೋದೂ ಇಷ್ಟ ಇಲ್ಲ. ನೀವು ಮಾಗಡಿಗೆ ಹೋಗೋದೂ ಇಷ್ಟ ಇಲ್ಲ."

"ಈ ಸಂಬಂಧ ಬೇಡ ಅಂತ ಬೆಳಗ್ಗೇನೇ ಅವರಿಗೆ ಫೋನ್ ಮಾಡಿ ಹೇಳ್ಬುಟ್ಟೆ," ಎಂದಳು ಅವಳು, ಕನ್ನಡಿ ಬಿಟ್ಟು ನೇರ ಅವನ ಮುಖ ನೋಡುತ್ತ.

ಅವನು ಚೆಸ್ಟ್‌ನಟ್ ಬ್ರೌನ್‌ಗೆ ಚೂರು ಗೋಲ್ಡ್ ಬೆರೆಸಿ ಹಚ್ಚಿದ. ತೊಳೆದು ಒಣಗಿಸಿದಾಗ ಕಿತ್ತಳೆಯೆಲ್ಲ ಬೆಚ್ಚನೆಯ ಕಂದು ಬಣ್ಣವಾಗಿತ್ತು. ಬಿಳಿ ಕೂದಲು ಅಲ್ಲಲ್ಲಿ ಹೊಂಬಣ್ಣದ ಗೆರೆಗಳಾಗಿ ಬೆರೆತಿದ್ದವು. ಅವಳು ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು.

"ನಿಮ್ಮ ಅಪ್ಪಾಜಿ ಹತ್ರ ಮಾತಾಡ್ಬೇಕು. ಕೂಟಗಲ್‌ಗೆ ಬತ್ತೀನಿ," ಎಂದ.

"ಯಾವಾಗ?"

"ಮಂಗಳವಾರ. ಸಲೂನ್ ರಜ."

"ಮಂಗಳವಾರ ನಂಗೆ ಶಿಫ್ಟ್ ಐತಲ್ಲ."

"ಮಾತಾಡೋದು ಅಪ್ಪಾಜಿ ಹತ್ರ ತಾನೆ?"

ವನಜಾಕ್ಷಿ ಬ್ಯಾಗಿನಿಂದ ಫೋನ್ ತೆಗೆದು ಸೂಪರ್‌ವೈಸರ್ ನಂಬರ್ ಹುಡುಕತೊಡಗಿದಳು. "ರಜ ಹಾಕ್ತೀನಿ."