ಬೆನ್ನಿಗೆ ಬಾರದ ಬಟ್ಟೆ

"ಹರೀಬೇಡ್ರಿ! ದಮ್ಮಯ್ಯ... ಅದು ನಮ್ಮಜ್ಜ ಕೈಯಾರೆ ಬರ್ದ ಪುಸ್ತಕ!"

ವಿನುತಾಳ ಕೈ ನಿಂತಿತು. ಬೆರಳ ನಡುವೆ ಅರ್ಧ ಕಿತ್ತುಬಂದ ಪುಸ್ತಕದ ಬೆನ್ನು. ಕೋಡಿಬಾಗದ ಆ ಸಣ್ಣ ಬೈಂಡಿಂಗ್ ಅಂಗಡಿಯ ಹೊಸ್ತಿಲಲ್ಲಿ ಬಿಸಿಲಿಗೆ ಕೆಂಪಾದ ಮುಖದ ಗಂಡಸೊಬ್ಬ. ಬೆಳಿಗ್ಗೆ ಅಪ್ಪನ ಹತ್ತಿರ ಭಜನೆ ಪುಸ್ತಕ ಕೊಟ್ಟುಹೋದ ಬೆಳಂಬಾರದ ಮಾಸ್ತರು ಇವನೇ ಇರಬೇಕು ಎಂದುಕೊಂಡಳು.

"ಹರೀತಾ ಇಲ್ಲ ಮಾಸ್ತರ್ರೆ, ಬಿಡಿಸ್ತಾ ಇದ್ದೆ. ಹಿಂದೆ ಯಾರೋ ಇದರ ಬೆನ್ನಿಗೆ ಗೋಣಿಯಂಥ ದಪ್ಪ ಬಟ್ಟೆ ಅಂಟಿಸ್ಯಾರೆ. ಬಗ್ಗೂಕೇ ಆಗದೆ ಹಾಳೆ ಎಲ್ಲಾ ಕಿತ್ತುಬಂದದೆ. ನೋಡಿ ಬೇಕಾದ್ರೆ."

ಅವನು ಬಗ್ಗಿ ನೋಡಿದ. ನಾಚಿದ.

"ಹಂಗಾರೆ... ಎಂಥಾ ಬಟ್ಟೆ ಹಾಕ್ಬೇಕು?"

ಹತ್ತು ವರ್ಷದಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ!

ಅವಳು ಡಬ್ಬದಿಂದ ಒಂದು ತುಂಡು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. "ಹಳೇ ಹತ್ತಿ ಬಟ್ಟೆ. ನೂರು ಸಲ ತೊಳ್ದು ಗಂಜಿ ಹೋಗಿರ್ಬೇಕು. ಎಳೆ ಮಧ್ಯೆ ಬೆಳಕು ಕಾಣ್ಬೇಕು. ಹಂಗಿದ್ರೇ ಅಂಟು ಒಳಗೆ ಇಳಿದು ಹಾಳೆ ಹಿಡೀತದೆ. ಹೊಸ ಬಟ್ಟೆ ನೋಡೂಕೆ ಚೆಂದ, ಹಿಡಿಯೂದಿಲ್ಲ."

ಒಳಮೂಲೆಯಿಂದ ಅಪ್ಪ ಬೊಮ್ಮಯ್ಯ ಕೆಮ್ಮಿ ನಕ್ಕ. "ಅವಳ ಪಾಠ ಶುರುವಾಯ್ತು. ಕೂತ್ಕಳಿ ಮಾಸ್ತರ್ರೆ, ಇವತ್ತು ನೀವು ವಿದ್ಯಾರ್ಥಿ!"

ಅದು ಎರಡು ಸಾವಿರದ ನಾಲ್ಕನೇ ಇಸವಿ. ಬೊಮ್ಮಯ್ಯನ ಕೈ ನಡುಗತೊಡಗಿ ಹತ್ತು ವರ್ಷವಾಗಿತ್ತು, ಅಂದಿನಿಂದ ಸೂಜಿ, ಕತ್ತರಿ, ಮೈದಾ ಅಂಟು ಎಲ್ಲವೂ ವಿನುತಾಳ ಪಾಲು. ಕಚೇರಿಗಳಿಗೆ ಕಂಪ್ಯೂಟರ್ ಬಂದು ದಪ್ಪ ರಿಜಿಸ್ಟರುಗಳ ಕೆಲಸ ಕಡಿಮೆಯಾಗಿತ್ತು, ದಣಿವು ಮಾತ್ರ ಕಡಿಮೆಯಾಗಿರಲಿಲ್ಲ. ಅವಳಿಗೀಗ ಮೂವತ್ತೆರಡು ವಯಸ್ಸು. ನೋಡಲು ಬಂದ ಮೂರು ಗಂಡುಗಳೂ ಅಂಗಡಿ ಬಿಡಬೇಕೆಂದಿದ್ದರು. 'ದೇವರೇ, ಇನ್ನು ಏನನ್ನೂ ಕೇಳುವ ತ್ರಾಣವೂ ಇಲ್ಲ' ಎಂದು ಅವಳು ಸಂಜೆಯ ದೀಪದ ಮುಂದೆ ಸುಮ್ಮನೆ ಕೂರುತ್ತಿದ್ದಳು.

ಆದರೆ ಆ ಮಾಸ್ತರು, ಗುರುಪ್ರಸಾದ, ಪ್ರತಿ ಶನಿವಾರ ಬರತೊಡಗಿದ. ಭಜನಾ ಮಂಡಳಿಯಲ್ಲಿ ಅಂಥ ಒಂಬತ್ತು ಪುಸ್ತಕಗಳಿದ್ದವಂತೆ. ಒಂದೊಂದೇ ತರುತ್ತಿದ್ದ. ಅದರ ಮೇಲೆ ಮನೆಯಲ್ಲಿ ಹುಡುಕಿದ ಒಂದು ಬಟ್ಟೆ.

"ಇದು ಆದೀತಾ? ಅಜ್ಜನ ಪಂಚೆ."

"ಆಯ್ತದೆ."

"ಇದು? ಆಯಿಯ ಹಳೇ ಸೀರೆ."

"ಇದರಾಗೆ ನೈಲಾನ್ ಅದೆ. ಆಯಿಗೇ ವಾಪಸ್ ಕೊಡಿ, ಬೈತಾರೆ."

ಅವನು ನಗುತ್ತಿದ್ದ. ಅವನು ಹೋದ ಮೇಲೆ ಅವಳೂ ನಗುತ್ತಿದ್ದಳು... ಒಬ್ಬಳೇ.

ಎಂಟನೇ ಶನಿವಾರ ಅವನು ಕೂರಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು, "ನೋಡಿ... ನಿಧಾನಕ್ಕೆ ಹೇಳಿ" ಎಂದವನೇ ಹೊರಟುಬಿಟ್ಟ.

ಪುಸ್ತಕದ ಮೇಲೆ ಹೊಸ ಬಟ್ಟೆ! ಹಸಿರು ಒಡಲು, ಕೆಂಪು ಅಂಚು. ವಿನುತಾ ಎಂದಿನಂತೆ ಬೆಳಕಿಗೆ ಹಿಡಿದಳು. ಬಿಗಿ ನೇಯ್ಗೆ. ನೀರಿನ ಹನಿ ಬಿಟ್ಟಳು. ಗಂಜಿಯ ಮೇಲೆ ಮುತ್ತಿನಂತೆ ನಿಂತಿತು. 'ಎಷ್ಟು ಹೇಳಿದರೂ ಮಾಸ್ತರರಿಗೆ ಅರ್ಥವಾಗಲಿಲ್ಲವಲ್ಲ' ಎಂದುಕೊಂಡು ಬೇರೆ ಬಟ್ಟೆ ಹಾಕಿ ಮುಗಿಸಿ, ಅದನ್ನು ಮಡಚಿ ಪುಸ್ತಕದ ಮೇಲೇ ಕಟ್ಟಿಟ್ಟಳು. ಮುಂದಿನ ಶನಿವಾರ ಅವಳು ರಟ್ಟು ತರಲು ಪೇಟೆಗೆ ಹೋದಾಗ ಬೊಮ್ಮಯ್ಯ ಆ ಕಟ್ಟನ್ನು ಅವನ ಕೈಗಿಟ್ಟ.

ಆಮೇಲೆ ಅವನು ಬರಲಿಲ್ಲ.

ಒಂದು ಶನಿವಾರ. ಎರಡು. ಐದು... ಒಂಬತ್ತನೇ ಪುಸ್ತಕ ಬರಲೇ ಇಲ್ಲ.

'ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ನನಗೇನು?' ಎಂದು ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮಂಜಾಗುತ್ತಿತ್ತು.

ಆರನೇ ಶನಿವಾರ ಬಂದದ್ದು ಒಬ್ಬ ಹೆಂಗಸು. ಮುಡಿಯಲ್ಲಿ ಅಬ್ಬಲಿಗೆ, ಮುಖದಲ್ಲಿ ಸಿಟ್ಟು.

"ನೀನೇ ಏನೇ ವಿನುತಾ? ನಾ ದಮಯಂತಿ, ಗುರೂನ್ನ ಹೆತ್ತ ಆಯಿ."

"ಬನ್ನಿ ಅಮ್ಮಾ... ಕೂತ್ಕಳಿ."

"ಕೂತ್ಕಳೂಕೆ ಬಂದದ್ದಲ್ಲ ತಂಗಿ. ಒಲ್ಲೆ ಅಂದ್ರೆ ಒಲ್ಲೆ, ಅದು ನಿನ್ನ ಮನಸ್ಸು. ಆದ್ರೆ ದೇವರ ಮುಂದೆ ಇಟ್ಟು, ನಿನ್ನನ್ನ ಸೊಸೆಯಾಗಿ ಕೇಳಿ ಕಳಿಸಿದ ರವಿಕೆ ಕಣ... ಒಂದು ಮಾತೂ ಹೇಳ್ದೆ ತಿರುಗಿ ಕಟ್ಟಿ ಕಳ್ಸೂದೇ?"

ವಿನುತಾಳ ಕೈಯ ಸೂಜಿ ಜಾರಿತು. "ಕಣವಾ?!"

"ಕಾಯಿ ಕುಂಕುಮದ ಸಂಗಡ ಕೊಟ್ಟಿದ್ದೆ!"

"ಎಂತ ಕಾಯಿ ಅಮ್ಮಾ? ಬಟ್ಟೆ ಒಂದೇ ಇತ್ತು. ನಾನು... ಬೆನ್ನಿಗೆ ಹಾಕೂಕೆ ತಂದದ್ದು ಅಂದ್ಕಂಡೆ! ಅಂಟು ಹಿಡಿಯೂದಿಲ್ಲ ಅಂತ ವಾಪಸ್..."

ದಮಯಂತಿ ಹಣೆಗೆ ಕೈ ಹೊಡೆದುಕೊಂಡಳು. "ಕಾಯಿ ಹಿಡ್ಕಂಡು ಬರೂಕೆ ನಾಚ್ಕೆ ಆಯ್ತೇನೋ ನನ್ನ ಶಾಣ್ಯಾಗೆ! ಮೂವತ್ತೈದು ವರ್ಷದ ಗಂಡು!"

"ಬಟ್ಟೆ ನೋಡೂದ್ರಲ್ಲಿ ಪಂಡಿತೆ ನನ್ನ ಮಗಳು," ಬೊಮ್ಮಯ್ಯ ನಗಲು ನೋಡಿದ.

"ನಗಬೇಡಿ ಮಾರಾಯ್ರೆ," ದಮಯಂತಿಯ ದನಿ ಇಳಿಯಿತು. "ಕಣ ತಿರುಗಿಸಿ ಕಳ್ಸಿದ ಮನೆಗೆ ನಮ್ಮ ಗಂಡಸ್ರು ಮತ್ತೆ ಕಾಲಿಡೂದಿಲ್ಲ. ಘಟ್ಟದ ಮೇಲಿನ ಶಾಲೆಗೆ ವರ್ಗ ಕೇಳಿ ಅರ್ಜಿ ಬರ್ದಿಟ್ಟಾನೆ. ಸೋಮವಾರ ಕೊಡ್ತಾನಂತೆ."

ವಿನುತಾ ಎದ್ದಳು. ಕೈ ತೊಳೆದಳು. ಹತ್ತು ವರ್ಷದಲ್ಲಿ ಮೊದಲ ಸಲ ಹಾಡುಹಗಲೇ ಅಂಗಡಿಯ ಬಾಗಿಲೆಳೆದಳು.

ಬೆಳಂಬಾರದ ಭಜನಾ ಮಂದಿರದಲ್ಲಿ ಗುರುಪ್ರಸಾದ ಒಬ್ಬನೇ ಚಾಪೆ ಹಾಸುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಹಾಗೇ ನಿಂತ. ಬಸ್ಸಿನ ಧೂಳು, ಬೆವರು, ಕೆದರಿದ ಕೂದಲು...

"ನೀವಾ?"

"ಹೂಂ, ನಾನೇ. ಕಣ ತಿರುಗಿಸಿದ್ರೆ ಗಂಡಸ್ರು ಬರಬಾರದಂತೆ, ಹೆಂಗಸ್ರು ಬರಬಾರದು ಅಂತ ಯಾರೂ ಹೇಳ್ಳಿಲ್ಲ." ಅವಳು ಹೊಸ್ತಿಲು ದಾಟಿ ಬಂದಳು. "ಕಾಯಿ ಎಲ್ಲಿಟ್ರಿ ಮಾಸ್ತರ್ರೆ?"

ಅವನ ಮುಖ ಕೆಂಪಾಯಿತು. "ಬರೂ ದಾರೀಲಿ... ದೇವಸ್ಥಾನದಾಗೆ ಒಡೆಸ್ಬಿಟ್ಟೆ, ಕುಂಕುಮಾನೂ ಅಲ್ಲೇ ಬಿಟ್ಟೆ. ಕೈಯಾಗೆ ಕಾಯಿ ಕಂಡ್ರೆ ನಿಮ್ಮಪ್ಪ ಎಂತ ಹೇಳ್ತಾರೋ ಅಂತ..."

"ಕಾಯಿ ಇಲ್ದೆ ಕಣ ಅಂತ ಹೆಂಗೆ ಗೊತ್ತಾಗ್ಬೇಕು ನಂಗೆ? ಬೆನ್ನಿನ ಬಟ್ಟೆ ಅಂದ್ಕಂಡು ನೀರು ಬಿಟ್ಟು ನೋಡ್ದೆ!"

ಅವನು ಬೆರಗಾಗಿ ನೋಡಿದ. ನಗು ಬಂತು, ಬರಬರುತ್ತಲೇ ಕಣ್ಣು ತುಂಬಿತು.

"ಅಂಗಡಿ ಬಿಡೂದಿಲ್ಲ ನಾನು," ಅವಳೆಂದಳು. "ಅಪ್ಪನ್ನೂ. ಇದನ್ನ ಕೇಳಿ ಆಮೇಲೆ ಹೇಳಿ."

"ಬಿಡಿ ಅಂತ ಯಾರಂದ್ರು? ಅರ್ಜಿ ಹರ್ದು ಬಿಣಗಾದ ಶಾಲೆಗೆ ಕೇಳ್ತೆ. ಅಲ್ಲಿಂದ ನಿಮ್ಮ ಕೋಡಿಬಾಗ ಎಷ್ಟು ಮಹಾ ದೂರ?"

ಎಷ್ಟೋ ವರ್ಷಗಳಿಂದ ಹೆಗಲ ಮೇಲೆ ಕೂತಿದ್ದ ಭಾರ ಮೆಲ್ಲಗೆ ಇಳಿದಂತಾಯಿತು. ಅವಳು ಚಾಪೆಯ ಅಂಚಿನಲ್ಲಿ ಕುಸಿದು ಕೂತಳು.

"ಎಂತ ಆಯ್ತು ವಿನುತಾ?"

"ಎಂತ ಇಲ್ಲ... ಸಾಕಾಗ್ಯದೆ."

ಅವನು ತಂಬಿಗೆಯಲ್ಲಿ ನೀರು ತಂದಿಟ್ಟು, ಒಂದು ಮಾರು ದೂರದಲ್ಲಿ ತಾನೂ ಕೂತ. ಹೊರಗೆ ಸಮುದ್ರದ ಸದ್ದು.

"ಐದರ ಬಸ್ಸಿಗೆ ಹೋಗ್ಬೇಕಾ?" ಹೊರಗಿನ ಬಿಸಿಲು ನೋಡಿ ಅವನು ಕೇಳಿದ.

ಅವಳು ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಅದು ಹೋಗ್ಲಿ ಬಿಡಿ. ಅದರ ಹಿಂದೆ ಇನ್ನೊಂದು ಬರ್ತದಲ್ಲ."